ಆ್ಯಕ್ಟಿವ್ ಬೇಸ್ ಗಿಟಾರಿಗೆ 9 ವೋಲ್ಟಿನ ಆಲ್ಕಲೈನ್ ಬ್ಯಾಟರಿ: ದೀರ್ಘ ಬಳಕೆಯ ನಂತರದ ವಿಮರ್ಶೆ

ಹಲವು ವರ್ಷಗಳಿಂದ ನನ್ನ ಆ್ಯಕ್ಟಿವ್ ಬೇಸ್ ಗಿಟಾರಿಗೆ (ಅಂದರೆ ಸಂಕೇತವನ್ನು ಬಲಪಡಿಸುವ ಪ್ರಿಆಂಪ್ ಎಂಬ ಸರ್ಕ್ಯೂಟ್ ಒಳಗೇ ಇದ್ದು, ಅದು ಬ್ಯಾಟರಿಯಿಂದ ನಡೆಯುವ ಬೇಸಿಗೆ) ಸಾಧಾರಣ 9 ವೋಲ್ಟಿನ ಆಲ್ಕಲೈನ್ ಬ್ಯಾಟರಿಯನ್ನೇ ಬಳಸುತ್ತಿದ್ದೇನೆ. ನಡುವೆ ಅಗ್ಗದ ಜಿಂಕ್-ಕಾರ್ಬನ್, ರೀಚಾರ್ಜ್ ಮಾಡಬಹುದಾದ ನಿಕಲ್ ಮೆಟಲ್ ಹೈಡ್ರೈಡ್, ಯುಎಸ್‌ಬಿ ಕೇಬಲ್ಲಿನಿಂದ ಚಾರ್ಜ್ ಆಗುವ ಲಿಥಿಯಂ-ಅಯಾನ್ ಈ ಮೂರನ್ನೂ ಸಾಕಷ್ಟು ಕಾಲ ಹಾಕಿ ನೋಡಿ, ಕೊನೆಗೆ ಆಲ್ಕಲೈನಿಗೇ ಮರಳಿದ್ದೇನೆ. ಅದಕ್ಕೆ ಮುಖ್ಯ ಕಾರಣ ಬೆಲೆಯಲ್ಲ, ಬಾಳಿಕೆಯೂ ಅಲ್ಲ. ಈ ಬ್ಯಾಟರಿ ಕೈಕೊಡುವುದಕ್ಕೆ ಮುನ್ನ ಸೂಚನೆ ಕೊಡುತ್ತದೆ.

ನನ್ನ ವಾದ್ಯ 1976ರಲ್ಲಿ ಬಂದ ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇಯ ಮಾದರಿಯದು. ಇದರಲ್ಲಿ ಪ್ಯಾಸಿವ್ ಸ್ವಿಚ್, ಅಂದರೆ ಪ್ರಿಆಂಪನ್ನು ಬಿಟ್ಟು ಸಂಕೇತವನ್ನು ನೇರವಾಗಿ ಹೊರಗೆ ಕಳಿಸುವ ಸ್ವಿಚ್ ಇಲ್ಲ. ತಂತಿಯ ಕಂಪನವನ್ನು ಹಿಡಿಯುವ ಪಿಕಪ್ಪಿನ ಸಂಕೇತವೆಲ್ಲ ಪ್ರಿಆಂಪನ್ನು ದಾಟಿಯೇ ಹೊರಬರಬೇಕಾದ್ದರಿಂದ ಬ್ಯಾಟರಿ ಮುಗಿದರೆ ಧ್ವನಿಯೂ ಮುಗಿಯಿತು. ಪ್ಯಾಸಿವ್ ಸ್ವಿಚ್ ಇರುವ ವಾದ್ಯದವರು ಅದನ್ನು ಒತ್ತಿ ಆ ಸಂಜೆಯ ಕಾರ್ಯಕ್ರಮವನ್ನಾದರೂ ಮುಗಿಸಬಹುದು. ಹೊಸದಾಗಿ ವಾದ್ಯ ಕೊಳ್ಳುವವರು ಈ ಒಂದು ಅಂಶವನ್ನು ಅಂಗಡಿಯಲ್ಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಬ್ಯಾಟರಿಯ ಆಯುಷ್ಯವನ್ನು ನಿರ್ಧರಿಸುವುದು ನುಡಿಸುವ ಹೊತ್ತಿಗಿಂತ ಹೆಚ್ಚಾಗಿ ಕೇಬಲ್ ಚುಚ್ಚಿರುವ ಹೊತ್ತು. ಆ್ಯಕ್ಟಿವ್ ಬೇಸಿನ ಔಟ್‌ಪುಟ್ ಜ್ಯಾಕ್ ಸಾಮಾನ್ಯವಾಗಿ ಸ್ಟೀರಿಯೊ ಜ್ಯಾಕ್ ಆಗಿರುತ್ತದೆ; ಅದರ ನಡುವಿನ ಸಂಪರ್ಕಕ್ಕೆ ಬ್ಯಾಟರಿಯ ಕಪ್ಪು ತಂತಿಯನ್ನು ಬೆಸೆದಿರುತ್ತಾರೆ. ಮೊನೊ ಪ್ಲಗ್ ಒಳಹೊಕ್ಕಾಗ ಅದರ ಲೋಹದ ಮೈ ಆ ಸಂಪರ್ಕವನ್ನು ಗ್ರೌಂಡಿಗೆ ಕೂಡಿಸುವುದರಿಂದ ಪ್ರಿಆಂಪಿಗೆ ವಿದ್ಯುತ್ ಹರಿಯತೊಡಗುತ್ತದೆ. ವಾಲ್ಯೂಮ್ ಸೊನ್ನೆಗೆ ಇಳಿಸಿದರೂ, ಆಂಪ್ ಆರಿಸಿದರೂ ಈ ಹರಿವು ನಿಲ್ಲುವುದಿಲ್ಲ. ಹಲವು ವಾದ್ಯಗಳಲ್ಲಿ ಪ್ಯಾಸಿವ್ ಸ್ವಿಚ್ ಒತ್ತಿದರೂ ನಿಲ್ಲುವುದಿಲ್ಲ. ಆಲ್ಕಲೈನ್ ಬ್ಯಾಟರಿಯ ಸಾಮರ್ಥ್ಯ ಸುಮಾರು 500 ಮಿಲಿಆಂಪಿಯರ್-ಗಂಟೆ. ಪ್ರಿಆಂಪ್ 1 ಮಿಲಿಆಂಪಿಯರ್ ಸೆಳೆಯುತ್ತದೆ ಎಂದಿಟ್ಟುಕೊಂಡರೆ, ದಿನಕ್ಕೆ 2 ಗಂಟೆ ಅಭ್ಯಾಸ ಮಾಡಿ ಕೇಬಲ್ ಕಿತ್ತಿಡುವವರಿಗೆ ಅದು ಎಂಟು ತಿಂಗಳು ಬರುತ್ತದೆ. ಕೇಬಲ್ ಚುಚ್ಚಿಯೇ ಸ್ಟ್ಯಾಂಡಿಗೆ ಒರಗಿಸುವವರಿಗೆ ಮೂರು ವಾರವೂ ಬರುವುದಿಲ್ಲ. ನಿಮ್ಮ ಪ್ರಿಆಂಪ್ ನಿಜಕ್ಕೂ ಎಷ್ಟು ಸೆಳೆಯುತ್ತದೆ ಎಂಬುದನ್ನು ಮಲ್ಟಿಮೀಟರನ್ನು ಮಿಲಿಆಂಪಿಯರಿಗೆ ಹೊಂದಿಸಿ, ಬ್ಯಾಟರಿಯ ಒಂದು ತುದಿಗೂ ಕ್ಲಿಪ್ಪಿಗೂ ನಡುವೆ ಹಿಡಿದು ತಿಳಿಯಬಹುದು.

ಇನ್ನು ಸೂಚನೆಯ ವಿಷಯ. ಹೊಸ ಆಲ್ಕಲೈನ್ ಬ್ಯಾಟರಿ ಮೀಟರಿನಲ್ಲಿ 9ಕ್ಕಿಂತ ತುಸು ಹೆಚ್ಚೇ ತೋರಿಸಿ, ಅಲ್ಲಿಂದ ನಿಧಾನವಾಗಿ ಇಳಿಯುತ್ತದೆ. ನನ್ನ ವಾದ್ಯದಲ್ಲಿ 7 ವೋಲ್ಟಿನ ಆಸುಪಾಸಿಗೆ ಬಂದಾಗ ದಪ್ಪನೆಯ ಇ ತಂತಿಯನ್ನು ಜೋರಾಗಿ ಮೀಟಿದರೆ ನಾದದ ಮೊದಲ ಏಟು ಒಡೆದು ಕೇಳುತ್ತದೆ, ಮೆಲ್ಲಗೆ ನುಡಿಸಿದರೆ ಎಲ್ಲವೂ ಸರಿಯಾಗಿಯೇ ಇರುತ್ತದೆ. ಪ್ರಿಆಂಪಿಗೆ ದೊಡ್ಡ ಸಂಕೇತವನ್ನು ಹಿಡಿದಿಡುವಷ್ಟು ವೋಲ್ಟೇಜ್ ಉಳಿದಿಲ್ಲ ಎಂಬುದೇ ಇದರ ಅರ್ಥ. ಇದನ್ನು ಕಿವಿ ಗುರುತಿಸಿದ ಮೇಲೂ ಒಂದು ಕಾರ್ಯಕ್ರಮ ಮುಗಿಸುವಷ್ಟು ಅವಕಾಶ ಸಿಗುತ್ತದೆ. ಆದರೂ ಅಷ್ಟರವರೆಗೆ ಕಾಯದೆ, 8 ವೋಲ್ಟಿಗೆ ಇಳಿದದ್ದನ್ನು ಕಂಡೊಡನೆ ಬದಲಿಸುತ್ತೇನೆ. ಮೀಟರ್ ಇಲ್ಲದವರಿಗೆ ಹಬ್ಬದ ಲೆಕ್ಕವೇ ಸಾಕು: ಗಣೇಶ ಚೌತಿಯಿಂದ ರಾಜ್ಯೋತ್ಸವದವರೆಗಿನ ರಸಮಂಜರಿಗಳು ಶುರುವಾಗುವ ಮುನ್ನ ಒಂದು, ಯುಗಾದಿಯ ಹೊತ್ತಿಗೆ ಇನ್ನೊಂದು.

ಯುಎಸ್‌ಬಿ ಲಿಥಿಯಂ ಬ್ಯಾಟರಿ ನನಗೆ ಹಿಡಿಸದಿದ್ದದ್ದು ಇಲ್ಲಿಯೇ. ಅಂಥ ಹಲವು ಬ್ಯಾಟರಿಗಳಲ್ಲಿ 3.7 ವೋಲ್ಟಿನ ಸೆಲ್ಲಿನಿಂದ 9 ವೋಲ್ಟ್ ಹೊರಡಿಸುವ ಪುಟ್ಟ ಕನ್ವರ್ಟರ್ ಇರುತ್ತದೆ. ಅದು ಕೊನೆಯ ಕ್ಷಣದವರೆಗೂ 9 ವೋಲ್ಟನ್ನೇ ಕೊಟ್ಟು ಒಮ್ಮೆಲೇ ಕಡಿದುಕೊಳ್ಳುವುದರಿಂದ ಮೀಟರಿಗೂ ಕಿವಿಗೂ ಏನೂ ತಿಳಿಯುವುದಿಲ್ಲ. ಜೊತೆಗೆ ಟ್ರೆಬಲ್ ಏರಿಸಿದಾಗ ನಾನು ಬಳಸಿದ ಬ್ಯಾಟರಿಯಿಂದ ಸಣ್ಣ ಕೀರಲು ಸದ್ದು ಆಂಪಿನಲ್ಲಿ ಕೇಳುತ್ತಿತ್ತು. ನಿಕಲ್ ಬ್ಯಾಟರಿ ಸದ್ದು ಮಾಡದು, ಆದರೆ ಅದರ ಸಾಮರ್ಥ್ಯ ಆಲ್ಕಲೈನಿನ ಅರ್ಧಕ್ಕಿಂತ ಕಡಿಮೆ, ಸುಮ್ಮನೆ ಇಟ್ಟರೂ ಸೋರಿಹೋಗುತ್ತದೆ. ಜಿಂಕ್-ಕಾರ್ಬನ್ ಊರಿನ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ ಎಂಬುದೊಂದೇ ಅನುಕೂಲ.

ಆಲ್ಕಲೈನಿಗೂ ದೋಷವಿದೆ. ಪೂರ್ತಿ ಖಾಲಿಯಾದದ್ದನ್ನು ಒಳಗೇ ಮರೆತರೆ ಅದರಿಂದ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಒಸರಿ ಕ್ಲಿಪ್ಪನ್ನೂ ತಂತಿಯನ್ನೂ ತಿಂದುಹಾಕುತ್ತದೆ. ಬಿಳಿಯ ಪುಡಿ ಕಂಡರೆ ಕೈಗವಸು ಹಾಕಿಕೊಂಡು, ಹತ್ತಿಗೆ ಒಂದೆರಡು ಹನಿ ವಿನೆಗರ್ ಅಥವಾ ನಿಂಬೆರಸ ಹಚ್ಚಿ ಒರಸಿ, ಒದ್ದೆ ಬಟ್ಟೆಯಿಂದ ತೆಗೆದು ಪೂರ್ತಿ ಒಣಗಿಸಬೇಕು. ವಾದ್ಯವನ್ನು ಮಳೆಗಾಲವಿಡೀ ಪೆಟ್ಟಿಗೆಯಲ್ಲಿ ಮುಚ್ಚಿಡುವ ಕರಾವಳಿ, ಮಲೆನಾಡಿನವರು ಬ್ಯಾಟರಿಯನ್ನು ಹೊರತೆಗೆದೇ ಇಡಬೇಕೆಂದು ಒತ್ತಿ ಹೇಳುತ್ತೇನೆ.

ಬದಲಿಸುವಾಗ ಕ್ಲಿಪ್ಪಿನ ಕಡೆಗೂ ಗಮನವಿರಲಿ. ಬ್ಯಾಟರಿಯನ್ನು ತಂತಿ ಹಿಡಿದು ಎಳೆಯಬಾರದು. ಪ್ಲಸ್, ಮೈನಸ್ ನೋಡಿಕೊಂಡ ಮೇಲೆಯೇ ಕ್ಲಿಪ್ಪನ್ನು ತಾಗಿಸಬೇಕು. ರಕ್ಷಣೆಗೆ ಡಯೋಡ್ ಇಲ್ಲದ ಪ್ರಿಆಂಪಿಗೆ ತಲೆಕೆಳಗಾದ ಕ್ಷಣಮಾತ್ರದ ಸ್ಪರ್ಶವೂ ಅಪಾಯ. ಕ್ಲಿಪ್ ಸಡಿಲವಾದರೆ ವಾದ್ಯ ಅಲುಗಿದಾಗಲೆಲ್ಲ ಟಪ್ ಎಂಬ ಸದ್ದು ಬರುತ್ತದೆ. ಹೊಸ ಕ್ಲಿಪ್ ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಬಲು ಅಗ್ಗವಾಗಿ ಸಿಗುತ್ತದೆ, ಎರಡು ಬೆಸುಗೆಯ ಕೆಲಸ ಅಷ್ಟೆ. ಎರಡು ಬ್ಯಾಟರಿ ಜೋಡಿಸಿ 18 ವೋಲ್ಟಿನಲ್ಲಿ ನಡೆಯುವ ಬೇಸ್ ಇರುವವರು ಎರಡನ್ನೂ ಒಟ್ಟಿಗೇ, ಒಂದೇ ಬಗೆಯದನ್ನೇ ಹಾಕಬೇಕು. ಒಂದು ಹಳತು ಒಂದು ಹೊಸತು ಹಾಕಿದರೆ ಹಳೆಯದು ಬೇಗ ಬರಿದಾಗಿ ಮೊದಲು ಸೋರುವುದು ಅದೇ.