ಟಾಪ್ ಬಾಕ್ಸ್ ತುಂಬಿಸುವ ಮುಂಚೆ ಇದನ್ನೊಮ್ಮೆ ಓದಿ

ಸ್ಪೋರ್ಟ್ ಟೂರಿಂಗ್ ಬೈಕ್ ಇರುವುದೇ ಲಗೇಜ್ ಹೇರಿಕೊಂಡು ಜೋರಾಗಿ ಓಡೋಕೆ, ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ.

ಹಿಂದೆ ಹೆಂಡತಿ ಕೂತಿದ್ದಳು. ಎರಡೂ ಪಕ್ಕದ ಪೆಟ್ಟಿಗೆಗಳಲ್ಲಿ ಬಟ್ಟೆ. ಟೂಲ್ಸ್, ಪಂಕ್ಚರ್ ಕಿಟ್, ಬೀಗದ ಸರಪಳಿ, ನೀರಿನ ಬಾಟಲಿ ಎಲ್ಲ ಸೀಟಿನ ಹಿಂದೆ ಮೇಲ್ಗಡೆ ಕೂರಿಸಿದ ಟಾಪ್ ಬಾಕ್ಸ್‌ನಲ್ಲಿ. ಬೇಗ ಕೈಗೆ ಸಿಗಲಿ ಅಂತ. ಅದರ ತಳದಲ್ಲಿ ‘10 ಕೆ.ಜಿ., 120 ಕಿ.ಮೀ.’ ಅಂತ ಮಿತಿ ಬರೆದ ಸ್ಟಿಕ್ಕರ್ ಇತ್ತು. ಸರಪಳಿ ಇಟ್ಟಿದ್ದು ಅದರ ಮೇಲೇ.

125 ಕಿ.ಮೀ. ವೇಗದಲ್ಲಿ ನಾನು ಒಂದು ಲಾರಿಯನ್ನು ದಾಟಿದೆ. ಗಾಳಿ ಪಕ್ಕದಿಂದ ತಳ್ಳಿತು. ಅಷ್ಟಕ್ಕೇ ಬೈಕ್ ಹಾವಿನ ಹಾಗೆ ಹೊರಳೋಕೆ ಶುರುವಾಯಿತು. ಹ್ಯಾಂಡಲ್ ಒಂದೇ ಅಲ್ಲ, ಇಡೀ ಬೈಕು, ಸೆಕೆಂಡಿಗೆ 2–3 ಸಲ ಎಡಕ್ಕೂ ಬಲಕ್ಕೂ. ಹೆದರಿ ಹ್ಯಾಂಡಲ್ ಬಿಗಿ ಹಿಡಿದೆ, ಓಲಾಟ ಇನ್ನೂ ಜಾಸ್ತಿಯಾಯಿತು. ಬ್ರೇಕ್ ಹಾಕಲಿಲ್ಲ. ಜಾಣತನ ಅಂದುಕೊಳ್ಳಬೇಡಿ, ಬೆರಳು ಬಿಡಿಸೋಕೆ ಧೈರ್ಯ ಇರಲಿಲ್ಲ ಅಷ್ಟೇ. ಮಂಡಿಯಲ್ಲಿ ಟ್ಯಾಂಕ್ ಒತ್ತಿ, ತೋಳು ಸಡಿಲಿಸಿ, ಮೆಲ್ಲಗೆ ಥ್ರಾಟಲ್ ಬಿಟ್ಟೆ. 90ಕ್ಕೆ ಇಳಿದ ಮೇಲೆ ಸುಮ್ಮನಾಯಿತು.

ಆಮೇಲೆ ಕೂತು ಯೋಚಿಸಿದಾಗ ತಪ್ಪೆಲ್ಲ ನನ್ನದೇ. ಟಾಪ್ ಬಾಕ್ಸ್ ಇರುವುದು ಹಿಂದಿನ ಆಕ್ಸಲ್‌ಗಿಂತಲೂ ಹಿಂದೆ, ಅದೂ ಎತ್ತರದಲ್ಲಿ. ಅಲ್ಲಿ ಭಾರ ಇಟ್ಟರೆ ಏತದ ಹಾಗೆ ಹಿಂಭಾಗ ಕೂರುತ್ತದೆ, ಮುಂದಿನ ಚಕ್ರ ಹಗುರಾಗುತ್ತದೆ. ಸಾಲದ್ದಕ್ಕೆ ಹಿಂದಿನ ಸ್ಪ್ರಿಂಗಿನ ಪ್ರೀಲೋಡ್ (ಭಾರ ಬೀಳುವ ಮೊದಲೇ ಸ್ಪ್ರಿಂಗನ್ನು ಎಷ್ಟು ಒತ್ತಿಟ್ಟಿರುತ್ತೇವೆ ಅನ್ನೋದು) ಇನ್ನೂ ಒಬ್ಬನೇ ಓಡಿಸುವಾಗಿನ ಸೆಟ್ಟಿಂಗ್‌ನಲ್ಲೇ ಇತ್ತು. ಸೀಟಿನ ಪಕ್ಕದಲ್ಲೇ ತಿರುಗಿಸೋ ಗುಂಡಿ ಇದೆ, ಸ್ಪ್ಯಾನರೂ ಬೇಡ! ಹಿಂದಿನ ಟೈರಿಗೆ ನನ್ನ ಬೈಕಿನ ಕೈಪಿಡಿ ಹೇಳುವುದು 42 ಪಿಎಸ್ಐ. ಇದ್ದದ್ದು 34.

ಸೂಚನೆ ಸಿಕ್ಕಿರಲಿಲ್ಲ ಅಂತಲ್ಲ. ಹಿಂದಿನ ರಾತ್ರಿ ಎದುರು ಬಂದವರೆಲ್ಲ ಡಿಪ್ ಮಾಡು ಅಂತ ಲೈಟ್ ಮಿಣುಕಿಸುತ್ತಿದ್ದರು. ನಾನು ಡಿಪ್‌ನಲ್ಲೇ ಇದ್ದೆ. ಬೈಕಿನ ಹಿಂಭಾಗ ಕೂತು ಹೆಡ್‌ಲೈಟ್ ಮೇಲೆದ್ದಿತ್ತು. ಅವರನ್ನೇ ಬೈದುಕೊಂಡು ಹೋದೆ.

ಈಗ ಭಾರದ ಸಾಮಾನೆಲ್ಲ ಪಕ್ಕದ ಪೆಟ್ಟಿಗೆಗಳ ತಳಕ್ಕೆ, ಎರಡೂ ಕಡೆ ಸಮ ತೂಗುವ ಹಾಗೆ. ಟಾಪ್ ಬಾಕ್ಸ್‌ನಲ್ಲಿ ರೇನ್‌ಕೋಟ್, ಕೈಗವಸು ಮಾತ್ರ. ಜೋಡಿಯಾಗಿ ಹೊರಡುವಾಗ ಪ್ರೀಲೋಡ್ ಏರಿಸುತ್ತೇನೆ, ಟೈರ್ ತಣ್ಣಗಿರುವಾಗಲೇ ಗಾಳಿ ನೋಡುತ್ತೇನೆ. ಅದೇ ಬೈಕು, ಅದೇ ಸಾಮಾನು, 110ರಲ್ಲಿ ಅಲುಗಾಡಲಿಲ್ಲ. 125ಕ್ಕೆ ಹೋಗಿ ಪರೀಕ್ಷೆ ಮಾಡಲಿಲ್ಲ.