ಹೋಟೆಲ್ ಹಿಂದಿನ ಮನೆ ಲೀಸಿಗೆ ಹಿಡಿಯುವ ಮುಂಚೆ ಇದನ್ನು ಓದಿ

ಮೈಸೂರಿನಲ್ಲಿ ಮೂರು ವರ್ಷಕ್ಕೆ ಲೀಸಿಗೆ ಒಂದು ಮನೆ ಹಿಡಿದೆವು. ಮೊದಲನೇ ಮಹಡಿ, ಎರಡು ರೂಮು, ಒಳ್ಳೆ ಗಾಳಿ ಬೆಳಕು. ಹಿಂದುಗಡೆ ಮೂರಡಿ ಸಂದಿ ಬಿಟ್ಟು ಒಂದು ಹೋಟೆಲ್. ಅದರ ಬಾಗಿಲು ಆಚೆ ಮೇನ್ ರೋಡಿಗೆ. ಎರಡೂ ಕಟ್ಟಡಕ್ಕೆ ಒಬ್ಬರೇ ಓನರ್. "ಎದ್ದ ತಕ್ಷಣ ಬಿಸಿ ಇಡ್ಲಿ ಸಿಗುತ್ತೆ, ಇನ್ನೇನು ಬೇಕು ಮೇಡಂ?" ಅಂದರು ಬ್ರೋಕರ್. ನಮಗೂ ಹೌದಲ್ವಾ ಅನ್ನಿಸಿತು.

ಮನೆ ನೋಡಲು ಹೋಗಿದ್ದು ಭಾನುವಾರ ಮಧ್ಯಾಹ್ನ ಮೂರೂವರೆಗೆ. ಊಟದ ಗಲಾಟೆ ಮುಗಿದು, ಸಂಜೆ ತಿಂಡಿ ಇನ್ನೂ ಶುರುವಾಗದ ಹೊತ್ತು. ಹೋಟೆಲಿನ ಅಡುಗೆಮನೆ ಹಗಲಲ್ಲಿ ಸುಮ್ಮನಿರುವುದು ಅದೊಂದು ಗಂಟೆ ಮಾತ್ರ ಅಂತ ಗೊತ್ತಾಗುವ ಹೊತ್ತಿಗೆ ದುಡ್ಡು ಕೊಟ್ಟಾಗಿತ್ತು.

ಮೊದಲನೇ ರಾತ್ರಿಯೇ ನಾಲ್ಕೂಕಾಲಿಗೆ ಎಚ್ಚರವಾಯಿತು. ಯಾವುದೋ ಲಾರಿ ಇಂಜಿನ್ ಆಫ್ ಮಾಡದೆ ಮನೆ ಮುಂದೆ ನಿಂತಿದೆ ಅಂದುಕೊಂಡೆ. ನೀರು ಕುಡಿಯಲು ಅಡುಗೆಮನೆಗೆ ಹೋದರೆ ಸ್ಟ್ಯಾಂಡಿನಲ್ಲಿ ಬೋರಲು ಹಾಕಿದ್ದ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಸಣ್ಣಗೆ ಚಿಣಿಚಿಣಿ ಅನ್ನುತ್ತಿದ್ದವು. ಗೋಡೆಗೆ ಕೈ ಇಟ್ಟು ನೋಡಿದೆ. ಗೋಡೆಯೇ ಅದುರುತ್ತಿತ್ತು. ಹೋಟೆಲಿನ ಹೊಗೆ ಎಳೆಯುವ ಬ್ಲೋವರನ್ನು ಜಾಗ ಸಾಲದೆ ನಮ್ಮ ಗೋಡೆಗೇ ಬ್ರ್ಯಾಕೆಟ್ ಹೊಡೆದು ಕೂರಿಸಿದ್ದರು. ಐದಕ್ಕೆ ಗ್ರೈಂಡರ್. ಐದೂವರೆಗೆ ಸಿಲಿಂಡರ್ ಇಳಿಸುವ ಸದ್ದು. ರಾತ್ರಿ ಹನ್ನೊಂದಕ್ಕೆ ಅದೇ ಸಂದಿಯಲ್ಲಿ ದೊಡ್ಡ ಪಾತ್ರೆ ಉಜ್ಜುವುದು. ಆ ವರ್ಷ ಮಗಳದ್ದು ಸೆಕೆಂಡ್ ಪಿಯುಸಿ. ಹಾಲ್‌ನಲ್ಲಿ ಚಾಪೆ ಹಾಸಿಕೊಂಡು ಮಲಗುತ್ತಿದ್ದಳು. ಅದನ್ನು ನೋಡುವಾಗ ಹೊಟ್ಟೆ ಉರಿಯುತ್ತಿತ್ತು.

ಓನರಿಗೆ ಹೇಳಿದರೆ "ಅಡ್ಜಸ್ಟ್ ಮಾಡ್ಕೊಳ್ಳಿ" ಅಂದರು. ಹೋಟೆಲಿನಿಂದ ಬರುವ ಆದಾಯ ನಮ್ಮ ಮನೆಯದಕ್ಕಿಂತ ಎಷ್ಟೋ ಜಾಸ್ತಿ, ಅವರು ಯಾಕೆ ಎದುರು ಹಾಕಿಕೊಳ್ಳುತ್ತಾರೆ? ಹೋಟೆಲ್ ನಡೆಸುವವರು ಕೆಟ್ಟವರಲ್ಲ. ಕೂರಿಸಿ ಕಾಫಿ ಕೊಟ್ಟು "ಮರೆ ಕಟ್ಟಿಸ್ತೀನಿ ಮೇಡಂ, ಅರ್ಧ ಖರ್ಚು ನೀವು ಕೊಡಿ" ಅಂದರು. 9,000 ಕೊಟ್ಟೆವು. ಕಾಂಪೌಂಡ್ ಮೇಲೆ ತಗಡಿನ ಶೀಟು, ಅದರ ಮೇಲೆ ಹಸಿರು ನೆಟ್ ಬಂತು. ನೋಡಲು ಚೆನ್ನಾಗಿತ್ತು. ಪಾತ್ರೆ, ಬಕೆಟ್ಟು, ಕೊಳೆ ನೀರು ಯಾವುದೂ ಕಾಣುತ್ತಿರಲಿಲ್ಲ. ಶಬ್ದ ಮಾತ್ರ ಒಂದು ಚೂರೂ ಕಮ್ಮಿಯಾಗಲಿಲ್ಲ. ಗಾಳಿ ಬಂದಾಗ ಶೀಟೇ ಬೇರೆ ದಡಬಡ ಅನ್ನುತ್ತಿತ್ತು.

ದಯವಿಟ್ಟು ನಾವು ಮಾಡಿದ ಈ ತಪ್ಪು ಮಾಡಬೇಡಿ. ಕಣ್ಣಿಗೆ ಕಟ್ಟುವ ಮರೆಯೇ ಬೇರೆ, ಶಬ್ದಕ್ಕೆ ಕಟ್ಟುವ ಮರೆಯೇ ಬೇರೆ. ನೆಟ್ಟು, ಬಳ್ಳಿ, ಕ್ರೋಟನ್ ಗಿಡದ ಸಾಲು ಇವೆಲ್ಲ ಕಣ್ಣಿಗೆ. ಶಬ್ದ ತಡೆಯಲು ಇಟ್ಟಿಗೆಯಂಥ ತೂಕದ ಗೋಡೆ ಬೇಕು. ಕೆಳಗೆ, ಪಕ್ಕದಲ್ಲಿ ಸಂದು ಇರಬಾರದು. ಮೆಷಿನ್ ನಮ್ಮ ಕಿಟಕಿಯಿಂದ ಕಾಣದಷ್ಟು ಎತ್ತರವೂ ಇರಬೇಕು. ನಮ್ಮದು ಮಹಡಿ ಮನೆ, ಶೀಟು ಕಿಟಕಿಯ ಕೆಳಗೇ ಮುಗಿಯುತ್ತಿತ್ತು. ಇನ್ನು ಗೋಡೆಯೊಳಗೆ ಹರಿದು ಬರುವ ಗುಂಯ್ ಶಬ್ದಕ್ಕೆ ಯಾವ ಮರೆಯೂ ಅಡ್ಡ ಬರುವುದಿಲ್ಲ.

ಇದನ್ನು ಬಿಡಿಸಿ ಹೇಳಿದ್ದು ಡಕ್ಟ್ (ಹೊಗೆ ಹೋಗುವ ಕೊಳವೆ) ಕೆಲಸ ಮಾಡುವ ಒಬ್ಬ ಹುಡುಗ. "ಮೊದಲು ಇದನ್ನ ಗೋಡೆಯಿಂದ ಬಿಡಿಸಿ ಅಕ್ಕ" ಅಂದ. ಬ್ಲೋವರನ್ನು ಅವರ ನೆಲದ ಮೇಲೇ ಸ್ಟ್ಯಾಂಡಿಗೆ ಇಳಿಸಿ, ಕಾಲಿಗೆ ದಪ್ಪ ರಬ್ಬರ್ ಪ್ಯಾಡ್ ಕೊಟ್ಟ. ಬ್ಲೋವರ್ ಮತ್ತು ಡಕ್ಟ್ ನಡುವೆ ಕ್ಯಾನ್ವಾಸ್ ಪಟ್ಟಿ ಸುತ್ತಿದ. ನಮ್ಮ ಬೆಡ್‌ರೂಮಿನ ಕಡೆ ಇದ್ದ ಡಕ್ಟ್ ಬಾಯಿಯನ್ನು ಮೇಲಕ್ಕೆ ತಿರುಗಿಸಿದ. ಎರಡು ದಿನದ ಕೆಲಸ. ಮಾರನೇ ದಿನ ಬೆಳಗಿನ ಜಾವ ಲೋಟಗಳು ಸುಮ್ಮನಿದ್ದವು.

ಹೋಟೆಲಿನವರು ಇದಕ್ಕೆ ಒಪ್ಪಿದ್ದು ನಾನು ನಿಯಮ ತೋರಿಸಿದ ಮೇಲೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45 ಮಿತಿ. ವಾಣಿಜ್ಯ ಪ್ರದೇಶಕ್ಕೂ ರಾತ್ರಿ 55 ಅಷ್ಟೇ. ರಾತ್ರಿ ಅಂದರೆ ಹತ್ತರಿಂದ ಬೆಳಿಗ್ಗೆ ಆರರವರೆಗೆ. ಅಂದರೆ ನಾಲ್ಕೂಕಾಲಿನ ಬ್ಲೋವರ್ ರಾತ್ರಿ ಲೆಕ್ಕಕ್ಕೇ ಬರುತ್ತೆ. ಮಿತಿಗಿಂತ 10 ಡೆಸಿಬೆಲ್ ಅಥವಾ ಅದಕ್ಕೂ ಜಾಸ್ತಿ ಇದ್ದರೆ ದೂರು ಕೊಡಬಹುದು. ನನ್ನ ಮೊಬೈಲ್ ಆ್ಯಪ್ ಕಿಟಕಿ ಹತ್ತಿರ 63 ತೋರಿಸುತ್ತಿತ್ತು. ಆ್ಯಪಿನ ಲೆಕ್ಕ ಪಕ್ಕಾ ಅಲ್ಲ, ಆದರೆ ಮಾತು ಶುರುಮಾಡಲು ಸಾಕು. ದಿನ, ಗಂಟೆ ಬರೆದಿಟ್ಟುಕೊಳ್ಳಿ, ವಿಡಿಯೋ ಇಟ್ಟುಕೊಳ್ಳಿ. ಪಕ್ಕದಲ್ಲಿ ಡೀಸೆಲ್ ಜನರೇಟರ್ ಇದ್ದರೆ ಅದಕ್ಕೆ ಶಬ್ದ ತಡೆಯುವ ಪೆಟ್ಟಿಗೆಯಂಥ ಕ್ಯಾನೊಪಿ ಇದೆಯಾ ಅಂತಲೂ ನೋಡಿ. ಅದು ಕಡ್ಡಾಯ.

ಮನೆ ನೋಡುವಾಗ ಅಂಗಡಿಯ ಮುಂಭಾಗ ನೋಡಿ ಬರಬೇಡಿ, ಹಿಂಭಾಗಕ್ಕೆ ಹೋಗಿ. ಬ್ಲೋವರ್, ಎಸಿಯ ಹೊರಗಿನ ಯೂನಿಟ್, ಜನರೇಟರ್ ಎಲ್ಲ ಅಲ್ಲೇ ಇರುತ್ತವೆ. ಬೆಳಿಗ್ಗೆ ಐದಕ್ಕೊಮ್ಮೆ, ರಾತ್ರಿ ಹನ್ನೊಂದಕ್ಕೊಮ್ಮೆ ಹೋಗಿ ನಿಲ್ಲಿ. ಶಬ್ದದ ತೊಂದರೆ ಸರಿಹೋಗದಿದ್ದರೆ ಅವಧಿಗೆ ಮುಂಚೆ ಬಿಡಬಹುದು, ಪೂರ್ತಿ ಹಣ ವಾಪಸ್ ಅಂತ ಕರಾರಿನಲ್ಲಿ ಬರೆಸಿ. ನಾವು ಬರೆಸಲಿಲ್ಲ. ಬಿಡೋಣ ಅಂದರೆ ದುಡ್ಡು ಅವರ ಕೈಯಲ್ಲಿತ್ತು.

ಸಿಲಿಂಡರ್ ಸದ್ದು ಇವತ್ತಿಗೂ ಇದೆ. ಲೀಸ್ ಮುಗಿಯಲು ಇನ್ನೂ 14 ತಿಂಗಳು. ಹೋದ ವಾರ ನಮ್ಮ ಮೇಲಿನ ಮನೆ ಖಾಲಿಯಾಯಿತು. ಈ ಭಾನುವಾರ ಮಧ್ಯಾಹ್ನ ಬ್ರೋಕರ್ ಒಂದು ಚಿಕ್ಕ ಸಂಸಾರವನ್ನು ಕರೆದುಕೊಂಡು ಬಂದಿದ್ದರು, ಕಂಕುಳಲ್ಲಿ ಕೂಸು. ಮೆಟ್ಟಿಲ ಹತ್ತಿರ ಆ ಹುಡುಗಿಯನ್ನು ನಿಲ್ಲಿಸಿ, ಬೆಳಗಿನ ಜಾವ ಇನ್ನೊಂದು ಸಲ ಬಂದು ನೋಡಮ್ಮ ಅಂತ ಹೇಳಿ ಕಳಿಸಿದೆ.