ಪೈಥಾನ್ ಬ್ಯಾಕ್‌ಪೋರ್ಟ್‌ಗಳು: ಚಪ್ಪರ ಹಾಕುವುದು ಸಲೀಸು, ಬಿಚ್ಚುವುದೇ ತಲೆನೋವು

ಸರ್ವರ್‌ನಲ್ಲಿ ಉಬುಂಟು 20.04 ಇದ್ದರೆ ಅದರ ಜತೆ ಬರುವುದು ಪೈಥಾನ್ 3.8. ರೆಡ್ ಹ್ಯಾಟ್ 9 ಆದರೆ 3.9. ಅಮೆಜಾನ್ ಲಿನಕ್ಸ್ 2 ಆದರೆ ಇನ್ನೊಂದು ಮೆಟ್ಟಿಲು ಕೆಳಗೆ, 3.7. ಕೋಡ್ ಬರೆಯುವವರ ಲ್ಯಾಪ್‌ಟಾಪ್‌ನಲ್ಲಿ ಮಾತ್ರ 3.12, 3.13. ಹೊಸ ಪೈಥಾನ್‌ನ ಸೌಲಭ್ಯಗಳನ್ನು ಹಳೆಯದಕ್ಕೂ ತಂದುಕೊಟ್ಟು ಈ ಕಂದಕಕ್ಕೆ ಹಲಗೆ ಹಾಕುವ ಐದಾರು ಪ್ಯಾಕೇಜ್‌ಗಳನ್ನು, ಅಂದರೆ ಬ್ಯಾಕ್‌ಪೋರ್ಟ್‌ಗಳನ್ನು, ಕೆಲವು ವರ್ಷ ದಿನಾ ಬಳಸಿದ ಮೇಲಿನ ಅನಿಸಿಕೆ ಇದು. ಅವು ಟೈಪಿಂಗ್-ಎಕ್ಸ್‌ಟೆನ್ಷನ್ಸ್, ಟಾಮ್ಲಿ, ಎಕ್ಸೆಪ್ಷನ್‌ಗ್ರೂಪ್, ಇಂಪೋರ್ಟ್‌ಲಿಬ್-ಮೆಟಾಡೇಟಾ, ಬ್ಯಾಕ್‌ಪೋರ್ಟ್ಸ್.ಝೋನ್‌ಇನ್ಫೋ. ಯಾವುದಕ್ಕೂ ಕಾಸು ಕೊಡಬೇಕಿಲ್ಲ. ಖರ್ಚಾಗುವುದು ಸಿಐ (ಪ್ರತಿ ಬದಲಾವಣೆಗೂ ತಾನಾಗಿ ಟೆಸ್ಟ್ ಓಡಿಸುವ ವ್ಯವಸ್ಥೆ) ನಿಮಿಷಗಳು ಮತ್ತು ತಾಳ್ಮೆ. ಒಬ್ಬಿಬ್ಬರೇ ನೋಡಿಕೊಳ್ಳುವ ಸಣ್ಣ ಲೈಬ್ರರಿಯ ಕಣ್ಣಿನಿಂದ ಬರೆದದ್ದು. ಎಲ್ಲವನ್ನೂ ಒಂದೇ ಕಂಟೇನರ್ ಇಮೇಜ್‌ನಲ್ಲಿ ಕಟ್ಟಿ ಕಳಿಸುವವರಿಗೆ ಇದರಲ್ಲಿ ಅರ್ಧ ಬೇಕಾಗುವುದೂ ಇಲ್ಲ.

ಮೊದಲು ಖುಷಿ ಕೊಟ್ಟದ್ದು. ಪ್ರಾಜೆಕ್ಟ್‌ನಲ್ಲಿ ಒಂದೇ ಒಂದು ಕಡೆ, ‘_ಕಂಪ್ಯಾಟ್’ ಅನ್ನುವ ಪುಟ್ಟ ಫೈಲ್ ಇಟ್ಟು, ಎಲ್ಲ ಬ್ಯಾಕ್‌ಪೋರ್ಟ್ ಇಂಪೋರ್ಟ್‌ಗಳನ್ನೂ ಅಲ್ಲೇ ಮಾಡುವುದು. ಉಳಿದ ಕೋಡ್‌ಗೆ ತಾನು ಯಾವ ವರ್ಷನ್ ಮೇಲೆ ಓಡುತ್ತಿದ್ದೇನೆ ಅನ್ನುವ ಗೊಡವೆಯೇ ಇರುವುದಿಲ್ಲ. TOML ಬಗೆಯ ಸೆಟ್ಟಿಂಗ್ ಫೈಲ್ ಓದುವ ಟಾಮ್ಲಿಯ ವಿಷಯದಲ್ಲಿ ನಾಲ್ಕೇ ಸಾಲು: ‘ಸಿಸ್.ವರ್ಷನ್_ಇನ್ಫೋ >= (3, 11)’ ಆದರೆ ಟಾಮ್‌ಲಿಬ್ ಇಂಪೋರ್ಟ್ ಮಾಡು, ಇಲ್ಲದಿದ್ದರೆ ಟಾಮ್ಲಿಯನ್ನೇ ಟಾಮ್‌ಲಿಬ್ ಅನ್ನುವ ಹೆಸರಲ್ಲಿ ತಾ. 3.11ರಲ್ಲಿ ಒಳಗೆ ಬಂದ ಟಾಮ್‌ಲಿಬ್ ಹುಟ್ಟಿದ್ದೇ ಟಾಮ್ಲಿಯಿಂದ, ಹಾಗಾಗಿ ಎರಡರ ನಡವಳಿಕೆಯಲ್ಲೂ ಹೆಚ್ಚೇನೂ ವ್ಯತ್ಯಾಸ ಕಾಣುವುದಿಲ್ಲ. ಫೈಲನ್ನು ‘ಆರ್‌ಬಿ’ ಮೋಡ್‌ನಲ್ಲೇ ತೆರೆಯಬೇಕು ಅನ್ನುವ ಹಠವೂ ಎರಡಕ್ಕೂ ಒಂದೇ. ಬರೀ ‘ಆರ್’ ಕೊಟ್ಟರೆ ಟೈಪ್‌ಎರರ್.

ಇಲ್ಲಿ ಟ್ರೈ-ಎಕ್ಸೆಪ್ಟ್ ಬದಲು ವರ್ಷನ್ ಹೋಲಿಕೆ ಬರೆಯುವುದಕ್ಕೆ ಕಾರಣ ಇದೆ. ಟೈಪ್ ತಪಾಸಣೆ ಮಾಡುವ ಮೈಪೈ, ಪೈರೈಟ್ ಎರಡೂ ‘ಸಿಸ್.ವರ್ಷನ್_ಇನ್ಫೋ’ ಹೋಲಿಕೆಯನ್ನು ಅರ್ಥ ಮಾಡಿಕೊಂಡು ಬೇಡದ ಕವಲನ್ನು ಬಿಟ್ಟುಬಿಡುತ್ತವೆ. ಇಂಪೋರ್ಟ್‌ಎರರ್ ಹಿಡಿಯುವ ಶೈಲಿಯಲ್ಲಿ ಬರೆದರೆ ಮೈಪೈ ಎರಡೂ ಕವಲನ್ನು ನೋಡಿ ಗೊಣಗುತ್ತದೆ. ಯಾರಾದರೂ ‘ಸಿಸ್.ವರ್ಷನ್’ ಸ್ಟ್ರಿಂಗ್‌ನ ಮೊದಲ ಮೂರು ಅಕ್ಷರ ಕತ್ತರಿಸಿ ಹೋಲಿಸಿದ್ದರೆ ಅದನ್ನು ಇವತ್ತೇ ಅಳಿಸಿ. 3.10 ಬಂದ ದಿನದಿಂದ ಅದಕ್ಕೆ ಸಿಗುತ್ತಿರುವುದು ‘3.1’.

ಹೊಸ ಟೈಪ್ ಸೂಚನೆಗಳನ್ನು ಹಳೆಯದಕ್ಕೆ ತರುವ ಟೈಪಿಂಗ್-ಎಕ್ಸ್‌ಟೆನ್ಷನ್ಸ್ ಈ ಗುಂಪಿನ ಹಿರಿಯಣ್ಣ. 3.8 ಇರುವ ಮಷೀನಿನಲ್ಲಿ ಪಿಪ್‌ಗೆ (ಪ್ಯಾಕೇಜ್ ಇಳಿಸಿ ಹಾಕುವ ಸಾಧನ) ವರ್ಷನ್ ಹೇಳದೆ ಇನ್‌ಸ್ಟಾಲ್ ಮಾಡು ಅಂದರೂ ಅದು ತಾನಾಗಿ 4.13.2ರಲ್ಲಿ ನಿಲ್ಲುತ್ತದೆ, 3.7 ಆದರೆ 4.7.1ರಲ್ಲಿ. ಪ್ರತಿ ಬಿಡುಗಡೆಯ ಮೈಮೇಲೂ ‘ಇಂತಿಷ್ಟು ಪೈಥಾನ್ ಬೇಕು’ ಅನ್ನುವ ಚೀಟಿ ಸರಿಯಾಗಿ ಅಂಟಿಸಿರುವುದರ ಫಲ. ಜಗಳ ತೆಗೆಯುವ ಜಾಗ ಒಂದೇ: ಹಳೆಯ ಪೈಥಾನ್ ವರ್ಷನ್‌ಗಳಲ್ಲಿ ಇದರ ಲಿಟರಲ್ ಬೇರೆ, ಟೈಪಿಂಗ್ ಮಾಡ್ಯೂಲಿನ ಲಿಟರಲ್ ಬೇರೆ ಆಬ್ಜೆಕ್ಟ್. ‘ಗೆಟ್_ಆರಿಜಿನ್’ ಕೊಟ್ಟದ್ದನ್ನು ‘ಈಸ್’ ಹಾಕಿ ಒಂದಕ್ಕೆ ಮಾತ್ರ ಹೋಲಿಸಿದರೆ ಹೊಸ ಪೈಥಾನ್‌ನಲ್ಲಿ ಪಾಸ್, ಹಳೆಯದರಲ್ಲಿ ಫೇಲ್. ಎರಡಕ್ಕೂ ಹೋಲಿಸಬೇಕು. ಟೈಪ್ಡ್‌ಡಿಕ್ಟ್‌ನದೂ ಇದೇ ಕತೆ. 3.12ಕ್ಕಿಂತ ಹಿಂದಿನದರಲ್ಲಿ ಡೇಟಾ ಪರಿಶೀಲಿಸುವ ಲೈಬ್ರರಿ ಪೈಡ್ಯಾಂಟಿಕ್ 2, ಟೈಪಿಂಗ್‌ನ ಟೈಪ್ಡ್‌ಡಿಕ್ಟ್ ಕಂಡರೆ ಟೈಪಿಂಗ್-ಎಕ್ಸ್‌ಟೆನ್ಷನ್ಸ್‌ನದನ್ನೇ ತಾ ಅಂತ ಬಾಯಿಬಿಟ್ಟು ಹೇಳಿ ನಿಲ್ಲಿಸುತ್ತದೆ.

ಇಲ್ಲಿಯವರೆಗೆ ಹೊಗಳಿಕೆ. ಇನ್ನು ಈ ವಿಮರ್ಶೆ ಬರೆಯಲು ಕಾರಣವಾದ ವಿಷಯ: ಬ್ಯಾಕ್‌ಪೋರ್ಟ್ಸ್.ಝೋನ್‌ಇನ್ಫೋ.

3.9ರಲ್ಲಿ ಬಂದ, ಟೈಮ್‌ಝೋನ್ ಲೆಕ್ಕದ ಝೋನ್‌ಇನ್ಫೋವನ್ನು 3.6ರಿಂದ 3.8ರವರೆಗಿನವರಿಗೆ ಕೊಡುವುದು ಇದರ ಕೆಲಸ. ಆ ಮೂರು ವರ್ಷನ್‌ಗಳಲ್ಲಿ ಒಂದೇ ಒಂದು ದೂರು ಇಲ್ಲ. ವೆಬ್ ಫ್ರೇಮ್‌ವರ್ಕ್ ಜಾಂಗೊ 4 ಕೂಡ 3.8ರ ಮೇಲೆ ಇದನ್ನೇ ನೆಚ್ಚಿಕೊಂಡಿತ್ತು. ಸಮಸ್ಯೆ ಶುರುವಾಗುವುದು ಪೈಥಾನ್ ಮೇಲೇರಿದ ದಿನ. 3.8ರ ಮೇಲೆ ‘ಪಿಪ್ ಫ್ರೀಝ್’ ಓಡಿಸಿ ರಿಕ್ವೈರ್ಮೆಂಟ್ಸ್ ಫೈಲ್ ಮಾಡಿದ್ದರೆ ಅದರಲ್ಲಿ ‘ಬ್ಯಾಕ್‌ಪೋರ್ಟ್ಸ್.ಝೋನ್‌ಇನ್ಫೋ==0.2.1’ ಅಂತ ಬೋಳು ಸಾಲೊಂದು ಕೂತಿರುತ್ತದೆ. ಜಾಂಗೊ ತನ್ನ ಪಟ್ಟಿಯಲ್ಲಿ ‘ಪೈಥಾನ್_ವರ್ಷನ್ < "3.9"’ ಅನ್ನುವ ಮಾರ್ಕರ್ (ಯಾವ ಪೈಥಾನ್‌ಗೆ ಮಾತ್ರ ಬೇಕು ಅನ್ನುವ ಷರತ್ತು) ಸಮೇತ ಕೇಳಿದ್ದರೂ ಫ್ರೀಝ್ ಮಾರ್ಕರ್‌ಗಳನ್ನು ಬರೆಯುವುದಿಲ್ಲ. ಆ ಕ್ಷಣ ಏನು ಇನ್‌ಸ್ಟಾಲ್ ಆಗಿದೆ ಅನ್ನುವುದಷ್ಟೇ ಅದಕ್ಕೆ ಗೊತ್ತು, ಯಾಕೆ ಆಗಿದೆ ಅನ್ನುವುದು ಗೊತ್ತಿಲ್ಲ.

ಅದೇ ಫೈಲನ್ನು ಹೊಸ ಪೈಥಾನ್ ಇರುವ ಮಷೀನಿಗೆ ಒಯ್ದಾಗ ಪಿಪ್‌ಗೆ ತಕ್ಕ ವೀಲ್ (ಮೊದಲೇ ಕಂಪೈಲ್ ಮಾಡಿಟ್ಟ ಪ್ಯಾಕೇಜ್) ಸಿಗುವುದಿಲ್ಲ, ಯಾಕೆಂದರೆ ವೀಲ್‌ಗಳಿರುವುದು 3.6, 3.7, 3.8ಕ್ಕೆ ಮಾತ್ರ. ಸೋರ್ಸ್ ಇಳಿಸಿಕೊಂಡು ಸಿ ಕೋಡ್ ಕಂಪೈಲ್ ಮಾಡಲು ಹೊರಡುತ್ತದೆ. ವಿಂಡೋಸ್‌ನಲ್ಲಿ ಬರುವ ಸಂದೇಶ ‘ಮೈಕ್ರೋಸಾಫ್ಟ್ ವಿಷುಯಲ್ ಸಿ++ 14.0 ಅಥವಾ ಅದಕ್ಕಿಂತ ಹೊಸದು ಬೇಕು’. ಸ್ಲಿಮ್ ಕಂಟೇನರ್‌ನಲ್ಲಿ ಜಿಸಿಸಿ ಕಂಪೈಲರ್ ಇಲ್ಲ ಅನ್ನುವ ಗೋಳು. ಇದನ್ನು ಓದಿದವರು ಜಿಬಿಗಟ್ಟಲೆ ಬಿಲ್ಡ್ ಟೂಲ್ಸ್ ಇಳಿಸಲು ಕೂರುತ್ತಾರೆ, ಇಲ್ಲವೇ ಡಾಕರ್‌ಫೈಲ್‌ಗೆ ಬಿಲ್ಡ್-ಎಸೆನ್ಷಿಯಲ್ ಸೇರಿಸುತ್ತಾರೆ. ಎರಡೂ ದಂಡ. ಕಂಪೈಲರ್ ಇದ್ದರೂ 3.10ರಿಂದಾಚೆ ಅದು ‘_ಪೈಲಾಂಗ್_ಒನ್’ ಅನ್ನುವ ಹೆಸರು ಸಿಗಲಿಲ್ಲ ಅಂತ ಮತ್ತೆ ಬೀಳುತ್ತದೆ. ಪೈಥಾನ್‌ನ ಒಳಗಿನ ಆ ಹೆಸರು ಹೋಗಿ ಆಯಿತು. ರೋಗ ಕಂಪೈಲರ್‌ನದಲ್ಲ, ಆ ಪ್ಯಾಕೇಜ್ ಅಲ್ಲಿ ಇರಲೇಬಾರದಿತ್ತು. ಆದರೆ ಎರರ್ ಸಂದೇಶದ ನೂರಾರು ಸಾಲಿನಲ್ಲಿ ಒಂದೂ ಆ ಮಾತು ಹೇಳುವುದಿಲ್ಲ.

ಮದುವೆ ಮುಗಿದು ನೆಂಟರೆಲ್ಲ ಹೊರಟ ಮೇಲೂ ಬಿಚ್ಚದೆ ಬಿಟ್ಟ ಚಪ್ಪರ ಇದು.

‘ಈ ಪೈಥಾನ್‌ಗಿಂತ ಮೇಲೆ ಬೇಡ’ ಅಂತ ಪ್ಯಾಕೇಜಿನಲ್ಲೇ ಮೇಲ್ಮಿತಿ ಹಾಕಬಾರದಿತ್ತೇ ಅಂತ ಕೇಳಬಹುದು. ಹಾಕಿದರೆ ಪಿಪ್ ಆ ಬಿಡುಗಡೆಯನ್ನು ಬಿಟ್ಟು, ಮಿತಿ ಹಾಕದ ಇನ್ನೂ ಹಳೆಯ ಬಿಡುಗಡೆಯನ್ನು ಹುಡುಕಿಕೊಂಡು ಹಿಂದಕ್ಕೆ ಹೋಗುತ್ತದೆ. ಹಾಗಾಗಿ ಬರೆದವರನ್ನು ಬೈಯುವುದು ಸರಿಯಲ್ಲ. ಸಿಟ್ಟು ಮಾತ್ರ ಇಳಿದಿಲ್ಲ.

ಮದ್ದು ಚಿಕ್ಕದು. ಮೊದಲು ‘ಪಿಪ್‌ಡೆಪ್‌ಟ್ರೀ’ಯನ್ನು ರಿವರ್ಸ್ ಆಯ್ಕೆಯಲ್ಲಿ ಓಡಿಸಿ ಇದನ್ನು ಯಾರು ಕರೆತಂದರು ನೋಡಿ. ಹಳೆಯ ಪೈಥಾನ್ ಇನ್ನೂ ಬಳಕೆಯಲ್ಲಿದ್ದರೆ ಸಾಲಿನ ಕೊನೆಗೆ ಅರ್ಧವಿರಾಮ ಹಾಕಿ ‘ಪೈಥಾನ್_ವರ್ಷನ್ < "3.9"’ ಸೇರಿಸಿ, ಇಲ್ಲದಿದ್ದರೆ ಸಾಲನ್ನೇ ಅಳಿಸಿ. ಮುಂದೆ ಫ್ರೀಝ್ ಬಿಟ್ಟು, ಯುವಿ ಅನ್ನುವ ಪ್ಯಾಕೇಜ್ ಸಾಧನದ ‘ಯುವಿ ಪಿಪ್ ಕಂಪೈಲ್’ಗೆ ಯೂನಿವರ್ಸಲ್ ಆಯ್ಕೆ ಕೊಟ್ಟು ಲಾಕ್ ಮಾಡಿದರೆ ಮಾರ್ಕರ್‌ಗಳು ಉಳಿಯುತ್ತವೆ. ಸಿಐಯಲ್ಲಿ ಪಿಪ್‌ಗೆ ‘ಓನ್ಲಿ-ಬೈನರಿ’ ಆಯ್ಕೆ ಕೊಡುವ ಅಭ್ಯಾಸವೂ ಒಳ್ಳೆಯದು. ಆಗ ಕಂಪೈಲ್ ಮಾಡುತ್ತಾ ನಿಮಿಷಗಳನ್ನು ತಿನ್ನುವ ಬದಲು ‘ಹೊಂದುವ ವೀಲ್ ಇಲ್ಲ’ ಅಂತ ಎರಡು ಸೆಕೆಂಡಿನಲ್ಲಿ ನಿಲ್ಲುತ್ತದೆ.

ಕೋಡ್‌ನಲ್ಲೂ ಕ್ರಮ ಮುಖ್ಯ. ಸ್ಟ್ಯಾಂಡರ್ಡ್ ಲೈಬ್ರರಿಯದು ಮೊದಲು, ಬ್ಯಾಕ್‌ಪೋರ್ಟ್ ಆಮೇಲೆ. ತಿರುವುಮುರುವಾದರೆ ಎರಡೂ ಇರುವ ಪರಿಸರದಲ್ಲಿ ನಿಮ್ಮ ಝೋನ್‌ಇನ್ಫೋ ಒಂದು ಕ್ಲಾಸ್, ಪಕ್ಕದ ಲೈಬ್ರರಿಯ ಝೋನ್‌ಇನ್ಫೋ ಇನ್ನೊಂದು, ‘ಈಸ್‌ಇನ್‌ಸ್ಟನ್ಸ್’ ಸುಳ್ಳು ಹೇಳುತ್ತದೆ. ವಿಂಡೋಸ್‌ನಲ್ಲಿ ಝೋನ್‌ಇನ್ಫೋಗೆ ಓದಲು ಸಿಸ್ಟಂನಲ್ಲಿ ಡೇಟಾ ಇರುವುದಿಲ್ಲ. ‘ಏಷ್ಯಾ/ಕೋಲ್ಕತಾ’ ಕೇಳಿದರೆ ‘ಝೋನ್‌ಇನ್ಫೋನಾಟ್‌ಫೌಂಡ್‌ಎರರ್’. ಇದು ಬ್ಯಾಕ್‌ಪೋರ್ಟ್‌ನ ತಪ್ಪಲ್ಲ, 3.13ರಲ್ಲೂ ಹಾಗೆಯೇ, ಟಿಝಡ್‌ಡೇಟಾ ಪ್ಯಾಕೇಜ್ ಹಾಕಿಕೊಳ್ಳಬೇಕು.

ಇನ್‌ಸ್ಟಾಲ್ ಆದ ಪ್ಯಾಕೇಜ್‌ಗಳ ವಿವರ ಓದಿಕೊಡುವ ಇಂಪೋರ್ಟ್‌ಲಿಬ್-ಮೆಟಾಡೇಟಾ ಕೊಟ್ಟ ಪೆಟ್ಟು ಬೇರೆ ಬಗೆಯದು. ಬ್ಯಾಕ್‌ಪೋರ್ಟ್ ಅಂದರೆ ಹಳೆಯದನ್ನು ಹಳೆಯದಾಗಿಯೇ ಇಡುವ ವಸ್ತು ಅನ್ನುವ ನಂಬಿಕೆ ನಮ್ಮದು, ಆದರೆ ಇದು ಮುಂದಕ್ಕೆ ಓಡುವ ಪ್ಯಾಕೇಜ್. 2022ರ ಅಕ್ಟೋಬರ್‌ನಲ್ಲಿ ಬಂದ 5.0ರಲ್ಲಿ ಎಂಟ್ರಿ-ಪಾಯಿಂಟ್ಸ್‌ನ (ಪ್ಯಾಕೇಜ್‌ಗಳು ಹೊರಗೆ ತೋರಿಸುವ ಪ್ಲಗಿನ್ ಪಟ್ಟಿ) ಡಿಕ್ಷನರಿ ರೂಪವನ್ನು ತೆಗೆದುಹಾಕಿದರು. 3.7ರ ಮೇಲಿದ್ದ, ಹಿನ್ನೆಲೆ ಕೆಲಸ ಓಡಿಸುವ ಸೆಲರಿಯಂಥ ಲೈಬ್ರರಿಗಳು ‘ಎಂಟ್ರಿಪಾಯಿಂಟ್ಸ್ ಆಬ್ಜೆಕ್ಟ್‌ಗೆ ಗೆಟ್ ಇಲ್ಲ’ ಅಂತ ರಾತ್ರೋರಾತ್ರಿ ಮಗುಚಿಬಿದ್ದವು. ಅಂದಿನಿಂದ ಕಲಿತ ಶಿಸ್ತು: ಬ್ಯಾಕ್‌ಪೋರ್ಟ್ ಅಂತ ಮೇಜರ್ ವರ್ಷನ್ ಗಮನಿಸದೆ ಬಿಡಬೇಡಿ. ಅಪ್ಲಿಕೇಶನ್ ಆದರೆ ‘<5’ ಥರದ ಮಿತಿ ಸರಿ. ಲೈಬ್ರರಿ ಆದರೆ ಹೊಸ ರೀತಿಯ ಕರೆಗೆ ಬದಲಾಗುವುದೇ ಸರಿ.

ಸದ್ದು ಮಾಡಿ ಬೀಳುವುದು ವಾಸಿ. ಹೆದರಬೇಕಾದದ್ದು ಸುಮ್ಮನೆ ಬೇರೆ ಉತ್ತರ ಕೊಡುವವುಗಳಿಗೆ. ಸ್ಟ್ರಿಂಗ್ ಬೆಲೆಗಳಿಗೆ ಹೆಸರಿಟ್ಟು ಪಟ್ಟಿ ಕಟ್ಟುವ ಸ್ಟ್ರ್‌ಎನಮ್ ನೋಡಿ. 3.11ರಲ್ಲಿ ಬಂದದ್ದು, ಹಳೆಯದಕ್ಕೆ ‘ಎರಡೇ ಸಾಲಲ್ಲವೇ’ ಅಂತ ಎಲ್ಲರೂ ಕೈಯಲ್ಲೇ ಬರೆಯುತ್ತಾರೆ: ಸ್ಟ್ರ್ ಮತ್ತು ಎನಮ್ ಎರಡನ್ನೂ ತಾಯಿಯಾಗಿಟ್ಟ ಕ್ಲಾಸ್, ಒಳಗೆ ಬರೀ ‘ಪಾಸ್’. ‘ಸ್ಟೇಟಸ್.ಓಪನ್’ನ ಬೆಲೆ "ಓಪನ್" ಅಂತ ಇಟ್ಟುಕೊಳ್ಳಿ. 3.10ರಲ್ಲಿ ಎಫ್-ಸ್ಟ್ರಿಂಗ್‌ಗೆ ಹಾಕಿದರೆ ‘ಓಪನ್’ ಬರುತ್ತದೆ, ಟೆಸ್ಟ್ ಹಸಿರು. ‘ಸ್ಟ್ರ್()’ ಒಳಗೆ ಹಾಕಿದರೆ ಮಾತ್ರ ‘ಸ್ಟೇಟಸ್.ಓಪನ್’. ನಿಜವಾದ ಸ್ಟ್ರ್‌ಎನಮ್ ಎರಡಕ್ಕೂ ‘ಓಪನ್’ ಅನ್ನುತ್ತದೆ. ಡೇಟಾಬೇಸ್‌ಗೆ ಸ್ಟ್ರ್() ದಾರಿಯಲ್ಲಿ ಬರೆಯುವ ಕೋಡ್ ಇದ್ದರೆ ಒಂದೇ ಕಾಲಂನಲ್ಲಿ ಎರಡು ಬಗೆಯ ಸಾಲು ಸೇರುತ್ತವೆ. ‘ಆಟೊ()’ ಬಳಸಿದರಂತೂ ನಿಜವಾದದ್ದು ಹೆಸರನ್ನು ಸಣ್ಣಕ್ಷರದಲ್ಲಿ ಕೊಡುತ್ತದೆ, ಕೈಬರಹದ್ದು "1" ಕೊಡುತ್ತದೆ. ಬ್ಯಾಕ್‌ಪೋರ್ಟ್ಸ್.ಸ್ಟ್ರ್‌ಎನಮ್ ಇವೆರಡನ್ನೂ ಸರಿಯಾಗಿ ಮಾಡುತ್ತದೆ. ಎರಡೇ ಸಾಲಿನಲ್ಲಿ ಮುಗಿಸುವ ಜಿಪುಣತನ ಇಲ್ಲಿ ಬೇಡ.

ವರ್ಷನ್ ಹೋಲಿಕೆಯೇ ಸರಿ ಅಂತ ಮೇಲೆ ಹೇಳಿದ ಮಾತಿಗೆ ಒಂದು ಅಪವಾದ ಟಾರ್‌ಫೈಲ್. ಹೊರಗಿನಿಂದ ಬಂದ ಟಾರ್ ಆರ್ಕೈವ್ ಬಿಚ್ಚುವಾಗ ಅಪಾಯದ ಪಾತ್‌ಗಳನ್ನು ತಡೆಯುವ ಡೇಟಾ ಫಿಲ್ಟರ್ ಲೆಕ್ಕಕ್ಕೆ 3.12ರದ್ದು. ಆದರೆ ಭದ್ರತೆಯ ಕಾರಣಕ್ಕೆ ಅದನ್ನು 3.8.17, 3.9.17, 3.10.12, 3.11.4ಕ್ಕೂ ಇಳಿಸಿದ್ದಾರೆ. 3.12 ಇದೆಯೇ ಅಂತ ಕೇಳಿದರೆ ಕೈಯಲ್ಲಿರುವ ರಕ್ಷಣೆಯನ್ನೇ ಬಿಟ್ಟಂತೆ. ಇಲ್ಲಿ ‘ಹ್ಯಾಸ್‌ಆಟರ್(ಟಾರ್‌ಫೈಲ್, "ಡೇಟಾ_ಫಿಲ್ಟರ್")’ ಅಂತಲೇ ಕೇಳಬೇಕು.

ಹಲವು ಎರರ್‌ಗಳನ್ನು ಒಂದೇ ಕಟ್ಟಿನಲ್ಲಿ ಕೊಡುವ ಎಕ್ಸೆಪ್ಷನ್‌ಗ್ರೂಪ್‌ಗೆ ನಾಲ್ಕೇ ಮಾತು. ಕ್ಲಾಸ್ ಸಿಗುತ್ತದೆ, ‘ಎಕ್ಸೆಪ್ಟ್*’ ಸಿಗುವುದಿಲ್ಲ. ಅದು ಸಿಂಟ್ಯಾಕ್ಸ್, ಹಳೆಯ ಪಾರ್ಸರ್‌ಗೆ ಯಾವ ಪ್ಯಾಕೇಜೂ ಹೊಸ ವ್ಯಾಕರಣ ಕಲಿಸಲಾರದು. ಬದಲಿಗೆ ‘ಕ್ಯಾಚ್()’ ಅನ್ನುವ ಕಾಂಟೆಕ್ಸ್ಟ್ ಮ್ಯಾನೇಜರ್ ಇದೆ, ಕೈಗೆ ಸ್ವಲ್ಪ ಒರಟು.

ಇಷ್ಟು ಬೈದ ಮೇಲೂ ಮನಸ್ಸು ಮೆತ್ತಗಾಗುವುದು ಹಳೆಯ ವರ್ಷನ್ ಕೈಬಿಡುವ ದಿನ. ಪೈಪ್ರಾಜೆಕ್ಟ್ ಫೈಲ್‌ನಲ್ಲಿ ‘ರಿಕ್ವೈರ್ಸ್-ಪೈಥಾನ್’ ಸಾಲನ್ನು ಮೊದಲು ಏರಿಸಿ. ಬೇರೆ ಟಾರ್ಗೆಟ್ ಕೊಟ್ಟಿಲ್ಲದಿದ್ದರೆ ಕೋಡ್ ತಪಾಸಣೆಯ ಸಾಧನ ರಫ್ ಅದನ್ನೇ ಓದುತ್ತದೆ. ಆಮೇಲೆ ಯುಪಿ036 ನಿಯಮ (ಹಳತಾದ ವರ್ಷನ್ ಹೋಲಿಕೆ ಹಿಡಿಯುವುದು) ಆರಿಸಿ, ಫಿಕ್ಸ್ ಮತ್ತು ಅನ್‌ಸೇಫ್-ಫಿಕ್ಸಸ್ ಎರಡೂ ಕೊಟ್ಟು ಓಡಿಸಿದರೆ ‘_ಕಂಪ್ಯಾಟ್’ ಫೈಲ್‌ನ ಸತ್ತ ಕವಲುಗಳು ಒಂದೊಂದಾಗಿ ಉದುರುತ್ತವೆ. ಡಿಫ್‌ನಲ್ಲಿ ಬರೀ ಕೆಂಪು ಸಾಲುಗಳನ್ನು ನೋಡುವ ಸುಖವೇ ಬೇರೆ. ಆದರೆ ರಫ್ ಡಿಪೆಂಡೆನ್ಸಿ ಪಟ್ಟಿಯನ್ನು ಮುಟ್ಟುವುದಿಲ್ಲ. ಕನಿಷ್ಠ ವರ್ಷನ್ 3.11 ಆದ ಮೇಲೂ ‘ಟಾಮ್ಲಿ; ಪೈಥಾನ್_ವರ್ಷನ್ < "3.11"’ ಅಲ್ಲೇ ಇರುತ್ತದೆ. ರಿಕ್ವೈರ್ಮೆಂಟ್ಸ್ ಫೈಲ್‌ನಲ್ಲಿದ್ದರೆ ಪಿಪ್ ಪ್ರತಿ ಇನ್‌ಸ್ಟಾಲ್‌ನಲ್ಲೂ ‘ಇಗ್ನೋರಿಂಗ್ ಟಾಮ್ಲಿ’ ಅಂತ ಒಂದು ಸಾಲು ಒದರಿ ಮುಂದೆ ಹೋಗುತ್ತದೆ. ‘ಪೈಥಾನ್_ವರ್ಷನ್ <’ ಅಂತ ಗ್ರೆಪ್ ಮಾಡಿ ಆ ಸಾಲುಗಳನ್ನು ಕೈಯಾರೆ ತೆಗೆಯಿರಿ, ಜತೆಗೆ ಬರೀ ‘ಬ್ಯಾಕ್‌ಪೋರ್ಟ್ಸ್’ ಅಂತಲೂ ಇನ್ನೊಂದು ಗ್ರೆಪ್. ಮಾರ್ಕರ್ ಇಲ್ಲದ ಬೋಳು ಸಾಲು ಸಿಕ್ಕಿಬೀಳುವುದು ಎರಡನೆಯದರಲ್ಲಿ.